ಹೊರದೇಶದವರೊಡನೆ ಮನೆಯಡುಗೆಯ ವಿನಿಮಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ದೇಶದ, ಬೇರೆ ಭಾಷೆಯ ಮನೆಗಳವರಿಗೆ ನಮ್ಮ ಅಡುಗೆಯನ್ನು ಬರೆದು ಕಳುಹಿಸಬೇಕು, ಅವರದನ್ನು ನಮ್ಮ ಒಲೆಯ ಮೇಲೆ ಮಾಡಿ ನೋಡಬೇಕು ಎಂಬ ಆಸೆಯುಳ್ಳವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ಕೆಲವು ಓದಿ ತಿಳಿದವು, ಉಳಿದವು ಹಲವು ವರ್ಷಗಳ ಪತ್ರವ್ಯವಹಾರದಲ್ಲಿ ತಳ ಹತ್ತಿಸಿಕೊಂಡು ಕಲಿತವು.

ಮೊದಲ ಸಲ ಯಾವ ಅಡುಗೆಯನ್ನು ಕಳುಹಿಸುವುದು ಒಳ್ಳೆಯದು?

ನಮ್ಮಲ್ಲಿ ಹೆಚ್ಚಿನವರು ಹಬ್ಬದ ಅಡುಗೆಯಿಂದ ಆರಂಭಿಸುತ್ತಾರೆ. ಹೋಳಿಗೆ, ಮೈಸೂರುಪಾಕು, ಬಿಸಿಬೇಳೆಬಾತ್‌ಗಳ ಬಗ್ಗೆ ಹೆಮ್ಮೆಯಿರುವುದು ಸಹಜವೇ. ಆದರೆ ಹೂರಣದ ಹದ, ಕಣಕದ ಹದ ಎರಡೂ ಕೈಗೆ ಹತ್ತಬೇಕಾದ ಹೋಳಿಗೆಯನ್ನು ಮೊದಲ ಪಾಠವಾಗಿ ಕೊಟ್ಟರೆ, ಎದುರಿನವರು ಸೌಜನ್ಯಕ್ಕೆ ಒಂದು ಧನ್ಯವಾದ ಹೇಳಿ ಸುಮ್ಮನಾಗುತ್ತಾರೆ. ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಮೊಸರನ್ನದಂತಹ ದಿನನಿತ್ಯದ ಅಡುಗೆಗಳು ಇದಕ್ಕೆ ತಕ್ಕವು. ತಪ್ಪಾದರೂ ತಿನ್ನಬಹುದು, ಮರುದಿನ ಮತ್ತೆ ಮಾಡಬಹುದು.

ಅದಕ್ಕಿಂತ ಒಳ್ಳೆಯ ದಾರಿ, ಅವರ ಮನೆಯಲ್ಲಿ ಈಗಾಗಲೇ ಇರುವ ಪದಾರ್ಥದಿಂದ ಹೊರಡುವುದು. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ; ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂತು. ಇಂದಿಗೂ ಉಗಾಂಡಾದಲ್ಲಿ ರಾಗಿಹಿಟ್ಟನ್ನು, ಹಲವೆಡೆ ಮರಗೆಣಸಿನ ಹಿಟ್ಟು ಬೆರೆಸಿ, ಕುದಿಯುವ ನೀರಿನಲ್ಲಿ ತೊಳಸಿ ಕಾಲೊ ಎಂಬ ಮುದ್ದೆಯನ್ನು ಮಾಡುತ್ತಾರೆ. ಪಶ್ಚಿಮ ಕೀನ್ಯಾದಲ್ಲಿ ಉಗಾಲಿಯನ್ನು ಮೆಕ್ಕೆಜೋಳದ ಜೊತೆಗೆ ರಾಗಿಯಲ್ಲೂ ಮಾಡುವುದುಂಟು. ಅಂತಹ ಊರಿನವರಿಗೆ ಮುದ್ದೆ ಕಟ್ಟುವುದನ್ನು ಕಲಿಸುವ ಅಗತ್ಯವಿಲ್ಲ, ಮುದ್ದೆಯ ಜೊತೆಗೆ ನಾವು ಉಣ್ಣುವ ಸೊಪ್ಪಿನ ಬಸ್ಸಾರನ್ನು ಬರೆದರೆ ಸಾಕು. ತೆಂಗಿನ ಊರುಗಳಾದ ಶ್ರೀಲಂಕಾ, ಫಿಲಿಪ್ಪೀನ್ಸ್, ಕೀನ್ಯಾದ ಕರಾವಳಿ, ಬ್ರೆಜಿಲ್ಲಿನ ಬಾಹಿಯಾ ಮೊದಲಾದ ಕಡೆಯವರಿಗೆ ನಮ್ಮ ಕರಾವಳಿಯ ಅಡುಗೆ ಬೇಗ ಅರ್ಥವಾಗುತ್ತದೆ, ಏಕೆಂದರೆ ಕಾಯಿಹಾಲು ಒಡೆಯದಂತೆ ಕುದಿಸುವುದು ಹೇಗೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.

‘ರುಚಿಗೆ ತಕ್ಕಷ್ಟು’, ‘ಒಂದು ಹಿಡಿ’ ಎಂದು ಬರೆದರೆ ಅವರು ನಗುವುದಿಲ್ಲವೇ?

ನಗುವುದಿಲ್ಲ, ಏಕೆಂದರೆ ಅವರ ಅಜ್ಜಿಯರೂ ಹಾಗೆಯೇ ಹೇಳುವವರು. ಇಟಲಿಯ ಪಾಕವಿಧಾನಗಳಲ್ಲಿ ‘ಕ್ವಾಂಟೊ ಬಾಸ್ತಾ’, ಅಂದರೆ ‘ಸಾಕಾಗುವಷ್ಟು’ ಎಂಬುದು ಎಷ್ಟು ಸಾಮಾನ್ಯವೆಂದರೆ ಅದನ್ನು ಎರಡಕ್ಷರದ ಸಂಕ್ಷೇಪವಾಗಿಯೇ ಮುದ್ರಿಸುತ್ತಾರೆ. ಜಪಾನಿನವರು ‘ತೆಕಿರ್ಯೋ’ ಎನ್ನುತ್ತಾರೆ. ಅವರಲ್ಲಿ ಎರಡು ಬೆರಳಿನ ಚಿಟಿಕೆಗೆ ಒಂದು ಹೆಸರು, ಮೂರು ಬೆರಳಿನ ಚಿಟಿಕೆಗೆ ಇನ್ನೊಂದು ಹೆಸರು ಬೇರೆ. ತುರ್ಕಿಯ ಗೃಹಿಣಿಯರು ನಾದುವ ಹಿಟ್ಟಿನ ಅಳತೆಯನ್ನು ‘ಹಿಡಿಸುವಷ್ಟು ಹಿಟ್ಟು’ ಎಂದು ಬರೆಯುತ್ತಾರೆ; ನೀರಿಗೆ ತಕ್ಕಂತೆ ಹಿಟ್ಟು ಎಂಬ ನಮ್ಮ ಲೆಕ್ಕಕ್ಕೂ ಅದಕ್ಕೂ ವ್ಯತ್ಯಾಸವೇನಿಲ್ಲ.

ತೊಂದರೆ ಇರುವುದು ಉಪ್ಪಿನಲ್ಲಲ್ಲ, ‘ಗಾತ್ರ’ದಲ್ಲಿ. ಸಾರಿಗೆ ‘ನಿಂಬೆಹಣ್ಣಿನ ಗಾತ್ರದ ಹುಣಸೆ’ ಎಂದು ನಾವು ಬರೆಯುವಾಗ ನಮ್ಮ ಮನಸ್ಸಿನಲ್ಲಿರುವುದು ತೆಳುಸಿಪ್ಪೆಯ ಪುಟ್ಟ ನಿಂಬೆ. ಯೂರೋಪಿನ ಅಂಗಡಿಯ ಹಳದಿ ನಿಂಬೆ ಅದರ ಎರಡು ಮೂರರಷ್ಟು ದೊಡ್ಡದು. ಅಷ್ಟು ಹುಣಸೆ ಹಾಕಿ ಮಾಡಿದ ಸಾರನ್ನು ಬಾಯಿಗಿಟ್ಟವರು ಕನ್ನಡಿಗರ ನಾಲಿಗೆಯ ಬಗ್ಗೆ ಏನು ಭಾವಿಸಿದರೋ ಎಂದು ನಾನು ಒಮ್ಮೆ ಬಹಳ ಮುಜುಗರಪಟ್ಟಿದ್ದೇನೆ. ಅಡಿಕೆ ಗಾತ್ರದ ಬೆಲ್ಲವೆಂದರೆ ಅಡಿಕೆಯನ್ನೇ ಕಾಣದವರಿಗೆ ಏನೂ ಹೇಳಿದಂತಾಗುವುದಿಲ್ಲ. ಆದ್ದರಿಂದ ಹುಣಸೆ, ಬೆಲ್ಲ, ತೆಂಗಿನತುರಿ, ಬೇಳೆ ಇವನ್ನು ಒಮ್ಮೆ ತಕ್ಕಡಿಯಲ್ಲಿಟ್ಟು ಗ್ರಾಂ ಲೆಕ್ಕದಲ್ಲಿ ಬರೆಯಿರಿ. ನನ್ನ ಕೈಯ ‘ನಿಂಬೆ ಗಾತ್ರ’ ಸುಮಾರು 25 ಗ್ರಾಂ ತೂಗುತ್ತದೆ. ನಿಮ್ಮದು ಬೇರೆ ಇರಬಹುದು. ಉಪ್ಪನ್ನು ಮಾತ್ರ ರುಚಿಗೆ ತಕ್ಕಷ್ಟೆಂದೇ ಬಿಡಬಹುದು.

ಕಪ್ಪು, ಚಮಚದ ಲೆಕ್ಕ ಕೊಟ್ಟರೆ ಸಾಲದೇ?

ಯಾರ ಕಪ್ಪು ಎಂದು ಹೇಳಿದರೆ ಸಾಕು. ಅಮೆರಿಕದ ಕಪ್ಪು ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನ ಅಡುಗೆಮನೆಯದು 200. ಆದರೆ ಜಪಾನಿನಲ್ಲೇ ಅಕ್ಕಿ ಅಳೆಯುವ ಕಪ್ಪು 180 ಮಿಲಿಲೀಟರ್. ವಿದ್ಯುತ್ ಅನ್ನದ ಕುಕ್ಕರಿನ ಜೊತೆಗೆ ಬರುವ ಪ್ಲಾಸ್ಟಿಕ್ ಲೋಟ ಇದೇ. ತುರ್ಕಿಯವರು ‘ನೀರಿನ ಲೋಟ’ ಎಂದರೆ 200, ‘ಚಹಾದ ಲೋಟ’ ಎಂದರೆ 100. ದೊಡ್ಡ ಚಮಚ ಬಹುಪಾಲು ದೇಶಗಳಲ್ಲಿ 15 ಮಿಲಿಲೀಟರ್ ಆದರೆ ಆಸ್ಟ್ರೇಲಿಯಾದಲ್ಲಿ 20. ಬ್ರಿಟನ್ನಿನ ಪೈಂಟ್ 568, ಅಮೆರಿಕದ್ದು 473. ಪಲ್ಯ ಗೊಜ್ಜುಗಳಲ್ಲಿ ಇವೆಲ್ಲ ಹೊಂದಿಕೊಂಡು ಹೋಗುತ್ತವೆ, ಕೇಕು ಬ್ರೆಡ್ಡುಗಳಲ್ಲಿ ಹೋಗುವುದಿಲ್ಲ.

ನಮ್ಮ ಹಳೆಯ ಅಳತೆಗಳ ಕಥೆ ಇನ್ನೂ ತೊಡಕಿನದು. ತೂಕದ ಸೇರನ್ನು 80 ತೊಲವೆಂದು, ಅಂದರೆ ಸುಮಾರು 933 ಗ್ರಾಂ ಎಂದು ಲೆಕ್ಕ ಹಾಕಬಹುದು. ಆದರೆ ಅಜ್ಜಿಯ ಕೈಬರಹದ ಪುಸ್ತಕದಲ್ಲಿರುವ ಸೇರು, ಪಾವುಗಳು ಸಾಮಾನ್ಯವಾಗಿ ತುಂಬಿ ಅಳೆಯುವ ಪಾತ್ರೆಗಳು, ಅವು ಊರಿಂದ ಊರಿಗೆ ಬದಲಾಗುತ್ತಿದ್ದವು. 1956ರ ಕಾಯಿದೆಯ ಬಳಿಕ ದೇಶದಲ್ಲೆಲ್ಲ ಮೆಟ್ರಿಕ್ ಪದ್ಧತಿ ಬಂದರೂ ಮನೆಯ ಹಿತ್ತಾಳೆ ಪಾವು ಅಕ್ಕಿಡಬ್ಬಿಯಲ್ಲೇ ಉಳಿಯಿತು. ಅದು ಇನ್ನೂ ಇದ್ದರೆ ಅಕ್ಕಿ ತುಂಬಿ, ತಲೆ ಸವರಿ, ತೂಗಿ ನೋಡಿ. ಯಾವ ಪಟ್ಟಿಗಿಂತಲೂ ಅದೇ ಹೆಚ್ಚು ನಂಬಿಕೆಗೆ ಅರ್ಹ.

ಕುಕ್ಕರನ್ನು ಮೂರು ಕೂಗು ಕೂಗಿಸಿ ಎಂಬುದನ್ನು ಬೇರೆ ಭಾಷೆಗೆ ಹೇಗೆ ಹೇಳಬೇಕು?

ಹೇಳಬಾರದು, ನಿಮಿಷಕ್ಕೆ ಬದಲಾಯಿಸಬೇಕು. ಭಾರತದ ಕುಕ್ಕರಿನಲ್ಲಿ ತೂಕದ ಕವಾಟ ಎದ್ದು ಆವಿಯನ್ನು ಒಮ್ಮೆಲೇ ಬಿಡುವುದರಿಂದ ಕೂಗು ಬರುತ್ತದೆ. ಯೂರೋಪಿನ ಬಹುತೇಕ ಕುಕ್ಕರುಗಳಲ್ಲಿ ಸ್ಪ್ರಿಂಗಿನ ಕವಾಟವಿದ್ದು ಅವು ಕೂಗುವುದೇ ಇಲ್ಲ. ‘ಎಷ್ಟು ಹೊತ್ತು ಕಾದರೂ ಕೂಗಲಿಲ್ಲ, ಕೊನೆಗೆ ಬೇಳೆ ಗಂಜಿಯಾಯಿತು’ ಎಂಬ ಉತ್ತರ ನನಗೆ ಬಂದಿದೆ. ನಮ್ಮಲ್ಲೂ ಕೂಗು ಎಂಬುದು ಉರಿ, ನೀರು, ಕುಕ್ಕರಿನ ಗಾತ್ರಗಳನ್ನು ಅವಲಂಬಿಸಿದ್ದು. ಒತ್ತಡ ಏರಿದ ಮೇಲೆ ಸಣ್ಣ ಉರಿಯಲ್ಲಿ ತೊಗರಿಬೇಳೆಗೆ 10ರಿಂದ 12 ನಿಮಿಷ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ. ಕುಕ್ಕರಿಲ್ಲದವರಿಗಾಗಿ ‘ಬೆರಳಿನಲ್ಲಿ ಒತ್ತಿದರೆ ನುಣ್ಣಗೆ ಮಸೆದುಹೋಗುವವರೆಗೆ’ ಎಂಬ ಮಾತನ್ನೂ ಸೇರಿಸಬೇಕು.

ಎತ್ತರದ ಊರುಗಳಿಗೆ ಬರೆಯುವಾಗ ಇನ್ನೊಂದು ಸಂಗತಿ ನೆನಪಿರಲಿ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಯುತ್ತದೆ, ಮೆಕ್ಸಿಕೊ ನಗರದಲ್ಲೂ ಅಡಿಸ್ ಅಬಾಬಾದಲ್ಲೂ ಸುಮಾರು 92ಕ್ಕೆ. ತೆರೆದ ಪಾತ್ರೆಯಲ್ಲಿ ಬೇಳೆ ಅಲ್ಲಿ ಬಹಳ ಹೊತ್ತು ಬೇಯುತ್ತದೆ. ಅದು ಅವರ ತಪ್ಪೂ ಅಲ್ಲ, ನಿಮ್ಮ ಬರಹದ ತಪ್ಪೂ ಅಲ್ಲ.

ಅಳತೆಗಳೆಲ್ಲ ಸರಿಯಿದ್ದರೂ ಅಡುಗೆ ಬೇರೆಯೇ ಆಯಿತು ಎನ್ನುತ್ತಾರೆ. ಏನು ಬಿಟ್ಟುಹೋಗಿರುತ್ತದೆ?

ಹದ ಬಿಟ್ಟುಹೋಗಿರುತ್ತದೆ. ಇದೇ ಈ ವಿನಿಮಯದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗವಾದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕನ್ನಡದ ‘ಹದ’ ಎಂಬ ಒಂದು ಮಾತಿನೊಳಗೆ ಹಿಟ್ಟಿನ ತೆಳುವು, ಬೇಯಿಸಿದ ಪ್ರಮಾಣ, ಪಾಕದ ಅಂಟು, ನೆಲದ ತೇವ ಎಲ್ಲವೂ ಸೇರಿವೆ. ‘ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ’ ಎಂದರೆ ನಮಗೆ ಸಾಕು, ಇಡ್ಲಿಯನ್ನು ಕಾಣದವರಿಗೆ ಅದು ಒಗಟು. ಇಲ್ಲಿ ಎರಡು ದಾರಿಗಳಿವೆ. ಒಂದು, ಹದವನ್ನು ಕಣ್ಣಿಗೆ ಕಾಣುವ ಕ್ರಿಯೆಯಾಗಿ ಹೇಳುವುದು: ಸೌಟನ್ನು ಎತ್ತಿದಾಗ ಹಿಟ್ಟು ಧಾರೆಯಾಗಿ ಸುರಿಯದೆ ಗಟ್ಟಿಯಾಗಿ ಜಾರಿ ಬೀಳಬೇಕು, ಬಿದ್ದ ಗುರುತು ಒಂದೆರಡು ಕ್ಷಣ ಮೇಲೆ ನಿಂತು ಆಮೇಲೆ ಮುಳುಗಬೇಕು. ಇನ್ನೊಂದು, ಅವರ ಊರಿನಲ್ಲೇ ಇರುವ ಹೋಲಿಕೆಯನ್ನು ಹುಡುಕುವುದು. ತುರ್ಕಿಯವರು ಮೃದುವಾದ ಹಿಟ್ಟಿಗೆ ‘ಕಿವಿಯ ಹಾಲೆಯ ಹದ’ ಎನ್ನುತ್ತಾರೆ. ಆಶ್ಚರ್ಯವೆಂದರೆ ಜಪಾನಿನವರೂ ಅಕ್ಕಿಹಿಟ್ಟಿನ ದಾಂಗೊ ಉಂಡೆ ಮಾಡುವಾಗ ಕಿವಿಯ ಹಾಲೆಯಷ್ಟು ಮೆತ್ತಗೆ ನಾದಿ ಎಂದೇ ಹೇಳುತ್ತಾರೆ. ಇದನ್ನು ತಿಳಿದ ಮೇಲೆ ಹೋಳಿಗೆಯ ಕಣಕವನ್ನು ವಿವರಿಸುವಾಗ ನಾನು ಆ ಎರಡೂ ದೇಶದವರಿಗೆ ‘ಕಿವಿಯ ಹಾಲೆಗಿಂತಲೂ ತುಸು ಸಡಿಲ’ ಎಂದು ಬರೆದೆ. ಮರುಪ್ರಶ್ನೆ ಬರಲಿಲ್ಲ.

ಸಕ್ಕರೆ ಬೆಲ್ಲಗಳ ಪಾಕದಲ್ಲಿ ಮಾತ್ರ ನಮ್ಮ ಪದ್ಧತಿಯೂ ಪಶ್ಚಿಮದವರ ಪದ್ಧತಿಯೂ ಒಂದನ್ನೊಂದು ಮುಟ್ಟುತ್ತವೆ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಹಾಕಿ ಬೆರಳಿನಲ್ಲಿ ಉರುಟಿ ನೋಡುವ ಪರೀಕ್ಷೆ ಅವರಲ್ಲೂ ಇದೆ. ಮೆತ್ತನೆಯ ಉಂಡೆಯಾದರೆ ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್, ಗಟ್ಟಿ ಉಂಡೆಯಾದರೆ 121ಕ್ಕೂ ಮೇಲೆ ಎಂದು ಅವರು ಉಷ್ಣಮಾಪಕದಲ್ಲಿ ಗುರುತಿಟ್ಟಿದ್ದಾರೆ. ನಮ್ಮ ಉಂಡೆ ಪಾಕವನ್ನು ಈ ಅಂಕಿಗಳ ಜೊತೆಗೆ ಬರೆಯಬಹುದು. ಒಂದೆಳೆ ಪಾಕ ಅದಕ್ಕಿಂತ ಮೊದಲೇ, ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆದರೆ ಒಂದು ಎಳೆ ತುಂಡಾಗದೆ ನಿಲ್ಲುವಾಗ.

ಮೂಗು, ಕಿವಿಗಳಿಗೆ ಬಿಟ್ಟ ಹದಗಳನ್ನು ನಾವು ಬರೆಯುವುದನ್ನೇ ಮರೆಯುತ್ತೇವೆ. ಒಗ್ಗರಣೆಯಲ್ಲಿ ಸಾಸಿವೆ ಚಟಪಟ ಎಂದು ಸಿಡಿದು ಸದ್ದು ಕಡಿಮೆಯಾದ ಮೇಲೆಯೇ ಉದ್ದಿನಬೇಳೆ ಹಾಕಬೇಕು, ಅದು ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಒಣಮೆಣಸಿನಕಾಯಿ, ಕೊನೆಗೆ ಕರಿಬೇವು ಎಂಬ ಕ್ರಮ ನಮಗೆ ಉಸಿರಾಟದಷ್ಟು ಸಹಜವಾದ್ದರಿಂದ ‘ಒಗ್ಗರಣೆ ಕೊಡಿ’ ಎಂದಷ್ಟೇ ಬರೆದು ಮುಂದೆ ಹೋಗುತ್ತೇವೆ. ಆ ಎರಡು ಪದಗಳನ್ನು ಓದಿದವರೊಬ್ಬರು ಎಲ್ಲವನ್ನೂ ತಣ್ಣನೆಯ ಎಣ್ಣೆಗೆ ಒಟ್ಟಿಗೆ ಹಾಕಿ ಒಲೆ ಹಚ್ಚಿದರು. ‘ಹಸಿ ವಾಸನೆ ಹೋಗುವವರೆಗೆ’ ಎಂಬುದಕ್ಕೂ ವಿವರಣೆ ಬೇಕು: ಹುಳಿ ಕುದಿಯುವಾಗ ಮೊದಲು ಹುಣಸೆಯ ಮೂಗಿಗೆ ಚುಚ್ಚುವ ವಾಸನೆ ಇರುತ್ತದೆ, ಏಳೆಂಟು ನಿಮಿಷ ಕುದಿದ ಮೇಲೆ ಅದು ಮೆತ್ತಗಾಗಿ ಬೇಳೆಯ ಮತ್ತು ಹುರಿದ ಕೊತ್ತಂಬರಿಯ ಪರಿಮಳ ಮೇಲೆ ಬರುತ್ತದೆ ಎಂದು ಬರೆದರೆ, ಅದನ್ನು ಎಂದೂ ಮೂಸಿ ನೋಡದವರಿಗೂ ಕಾಯಲು ಒಂದು ಗುರುತು ಸಿಗುತ್ತದೆ.

ಪದಾರ್ಥಗಳ ಹೆಸರಿನಲ್ಲಿ ಎಲ್ಲಿ ಹೆಚ್ಚು ಎಡವುತ್ತೇವೆ?

ಧಾನ್ಯಗಳಲ್ಲಿ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯನ್ನು ಅವಸರದಲ್ಲಿ ಇಂಗ್ಲಿಷಿಗೆ ತಿರುಗಿಸಿದವರು ‘ಕಾರ್ನ್’ ಎಂದು ಬರೆದುಬಿಡುತ್ತಾರೆ. ಓದಿದವರು ಮೆಕ್ಕೆಜೋಳದ ಹಿಟ್ಟು ತಂದು ಬಡಿಯುತ್ತಾರೆ. ಬಿಳಿಜೋಳ ‘ಸೋರ್ಗಮ್’, ಗೋವಿನಜೋಳ ಅಥವಾ ಮುಸುಕಿನ ಜೋಳ ‘ಮೇಯ್ಜ್’. ‘ಕಾರ್ನ್‌ಫ್ಲೋರ್’ ಎಂದರೆ ಬ್ರಿಟನ್ನಿನಲ್ಲಿ ಮೆಕ್ಕೆಜೋಳದ ಬಿಳಿಯ ಪಿಷ್ಟ, ಅಮೆರಿಕದಲ್ಲಿ ಅದೇ ಧಾನ್ಯದ ನುಣ್ಣನೆಯ ಹಿಟ್ಟು. ರಾಗಿಗೆ ಶ್ರೀಲಂಕಾದಲ್ಲಿ ಕುರಕ್ಕನ್, ಕೀನ್ಯಾದಲ್ಲಿ ವಿಂಬಿ, ತಾಂಜಾನಿಯಾದಲ್ಲಿ ಉಲೇಜಿ, ನೇಪಾಳದಲ್ಲಿ ಕೋದೊ. ಇಲ್ಲಿಯೇ ಬಲೆ ಇರುವುದು: ಹಿಂದಿಯಲ್ಲಿ ಕೋದೊ ಎಂದರೆ ರಾಗಿಯಲ್ಲ, ನಮ್ಮ ಹಾರಕ. ಹೆಸರು ಒಂದೇ ಆಗಿ ಕಾಳು ಬೇರೆಯಾದಾಗ ಸಸ್ಯಶಾಸ್ತ್ರದ ಹೆಸರೇ ದಿಕ್ಕು. ರಾಗಿಗೆ ಎಲ್ಯುಸೀನ್ ಕೊರಕಾನ, ಹಾರಕಕ್ಕೆ ಪಾಸ್ಪಾಲಮ್ ಸ್ಕ್ರೋಬಿಕ್ಯುಲೇಟಮ್ ಎಂದು ಪಟ್ಟಿಯ ಪಕ್ಕದಲ್ಲಿ ಬರೆದಿಟ್ಟರೆ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಕರಿಬೇವಿನ ವಿಷಯದಲ್ಲೂ ಎಚ್ಚರ ಬೇಕು. ಯೂರೋಪಿನ ಸಸಿ ಮಾರುವ ಅಂಗಡಿಗಳಲ್ಲಿ ‘ಕರಿ ಪ್ಲಾಂಟ್’ ಎಂದು ಮಾರುವ ಬೂದುಬಣ್ಣದ ಸೂಜಿಯೆಲೆಯ ಗಿಡ ಮೆಡಿಟರೇನಿಯನ್ ಕಡೆಯದು, ಅದಕ್ಕೂ ಕರಿಬೇವಿಗೂ ಯಾವ ಸಂಬಂಧವೂ ಇಲ್ಲ. ಕರಿಬೇವು ಸಿಗಲಿಲ್ಲವೆಂದು ‘ಕರಿ ಪೌಡರ್’ ಹಾಕುವವರೂ ಇದ್ದಾರೆ. ಕೊತ್ತಂಬರಿಗೆ ಅಮೆರಿಕದಲ್ಲಿ ಎರಡು ಹೆಸರು: ಸೊಪ್ಪು ‘ಸಿಲಾಂಟ್ರೊ’, ಬೀಜ ‘ಕೊರಿಯಾಂಡರ್’. ಬ್ರಿಟನ್ನಿನವರಿಗೆ ಎರಡೂ ಒಂದೇ ಹೆಸರಾದ್ದರಿಂದ ಸೊಪ್ಪೋ ಬೀಜವೋ ಎಂಬುದನ್ನು ಬಿಡದೆ ಹೇಳಬೇಕು.

ಯಂತ್ರಾನುವಾದವನ್ನು ನಂಬಬಹುದೇ?

ಸಂಬಂಧ ಬೆಳೆಸಲು ನಂಬಬಹುದು, ಸಾರು ಮಾಡಲು ಸಾಲದು. ಕನ್ನಡದ ‘ಹಿಟ್ಟು’ ಒಣಪುಡಿಯೂ ಹೌದು, ನಾದಿದ ಕಣಕವೂ ಹೌದು, ದೋಸೆಗೆ ರುಬ್ಬಿದ್ದೂ ಹೌದು, ಹಳೇ ಮೈಸೂರಿನ ಕಡೆ ಮುದ್ದೆಯೂ ಹೌದು. ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿನ ಮಲ್ಲಿಗೆಯ ಗಾದೆಯನ್ನು ಯಂತ್ರಕ್ಕೆ ಕೊಟ್ಟು ನೋಡಿ. ‘ಹುಳಿ’ ರುಚಿಯೂ ಹೌದು, ಅಡುಗೆಯೂ ಹೌದು. ‘ಸಾಸಿವೆ’ ಎಂದರೆ ಕಾಳು, ಮಲೆನಾಡಿನ ಊಟದಲ್ಲಿ ಅದೇ ಹೆಸರಿನ ಮೊಸರಿನ ಖಾದ್ಯ. ಕರಾವಳಿಯಲ್ಲಿ ‘ಮೆಣಸು’ ಎಂದರೆ ಒಣಮೆಣಸಿನಕಾಯಿ, ಕಾಳುಮೆಣಸಿಗೆ ‘ಒಳ್ಳೆಮೆಣಸು’. ಆದ್ದರಿಂದ ಯಂತ್ರಕ್ಕೆ ಕೊಡುವ ಮೊದಲು ನೀವೇ ಕನ್ನಡವನ್ನು ಬಿಡಿಸಿ ಬರೆಯಿರಿ: ಸಣ್ಣ ವಾಕ್ಯ, ಒಂದು ವಾಕ್ಯಕ್ಕೆ ಒಂದು ಕೆಲಸ. ಬಂದ ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಓದಿದರೆ ಅರ್ಧ ತಪ್ಪುಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ಅಡುಗೆಯ ಹೆಸರನ್ನು ಮಾತ್ರ ಅನುವಾದಿಸಬೇಡಿ. ತಂಬುಳಿ ತಂಬುಳಿಯಾಗಿಯೇ ಹೋಗಲಿ, ಜೊತೆಗೆ ಎರಡು ಸಾಲಿನ ವಿವರಣೆ ಇರಲಿ.

ಅಲ್ಲಿ ಸಿಗದ ಪದಾರ್ಥಕ್ಕೆ ಯಾವ ಬದಲಿಯನ್ನು ಸೂಚಿಸಬೇಕು?

ಆ ಪದಾರ್ಥ ನಮ್ಮ ಅಡುಗೆಯಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಮೊದಲು ಕೇಳಿಕೊಳ್ಳಿ. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ನಾವು ಹಾಕುವುದು ಖಾರಕ್ಕಿಂತ ಬಣ್ಣಕ್ಕೆ. ಮೆಕ್ಸಿಕೊದವರಿಗೆ ಗ್ವಾಹೀಯೊ ಎಂಬ ಒಣಮೆಣಸಿನಕಾಯಿ ಅದರ ಹತ್ತಿರ ಬರುತ್ತದೆ. ಹಂಗೇರಿ, ಸ್ಪೇನಿನವರು ಹೊಗೆ ಹಾಕದ ಸಿಹಿ ಪಾಪ್ರಿಕಾಗೆ ಸ್ವಲ್ಪ ಖಾರದ ಪುಡಿ ಸೇರಿಸಿಕೊಳ್ಳಬಹುದು. ಬೆಲ್ಲಕ್ಕೆ ಕಂದು ಸಕ್ಕರೆ ಎಂದು ಬರೆದು ಕೈತೊಳೆದುಕೊಳ್ಳಬೇಡಿ: ಕೊಲಂಬಿಯಾದ ಪನೇಲಾ, ಮೆಕ್ಸಿಕೊದ ಪಿಲೊನ್ಸೀಯೊ, ಬ್ರೆಜಿಲ್ಲಿನ ರಪದೂರ, ಒಕಿನಾವಾದ ಕೊಕುತೊ ಎಲ್ಲವೂ ಕಬ್ಬಿನ ಹಾಲನ್ನು ಕುದಿಸಿ ಇಂಗಿಸಿದವು, ಅಂದರೆ ಬೆಲ್ಲದ ಒಡಹುಟ್ಟಿದವು. ಹುಣಸೆ ಮೆಕ್ಸಿಕೊದಲ್ಲೂ ಥಾಯ್ಲೆಂಡಿನಲ್ಲೂ ಧಾರಾಳವಾಗಿ ಸಿಗುತ್ತದೆ, ಆದರೆ ಥಾಯ್ಲೆಂಡಿನಲ್ಲಿ ತಿನ್ನಲು ಮಾರುವ ಸಿಹಿ ಹುಣಸೆಯೂ ಇದೆ. ಹುಳಿಯದೇ ಬೇಕೆಂದು ಹೇಳಿ. ಕಡಲೆಬೇಳೆಯ ಬದಲು ಹಳದಿ ಬಟಾಣಿ ಬೇಳೆಯನ್ನು ಹಾಕಿದರೆ ನೋಟ ಒಂದೇ ಆದರೂ ಅದು ಬೇಗ ಕರಗಿಹೋಗುತ್ತದೆ; ಆಂಬೊಡೆಗೆ ಸಲ್ಲುತ್ತದೆ, ಹೂರಣಕ್ಕೆ ನನಗೆ ಒಪ್ಪಿಗೆಯಿಲ್ಲ. ಕರಿಬೇವಿಗೆ ಬದಲಿ ಇಲ್ಲ. ಸಿಗದಿದ್ದರೆ ಬಿಡುವುದೇ ಸರಿ.

ಗೋಧಿಹಿಟ್ಟಿನ ಬಗ್ಗೆ ಒಂದು ಮಾತು. ಜರ್ಮನಿಯವರು 405, 550 ಎಂದು ಬರೆಯುವ ಅಂಕಿ 100 ಗ್ರಾಂ ಹಿಟ್ಟನ್ನು ಸುಟ್ಟರೆ ಉಳಿಯುವ ಬೂದಿಯ ಮಿಲಿಗ್ರಾಂ ಲೆಕ್ಕ. ಅಂಕಿ ಕಡಿಮೆಯಾದಷ್ಟೂ ಹಿಟ್ಟು ಬೆಳ್ಳಗೆ, ನಮ್ಮ ಮೈದಾಕ್ಕೆ ಹತ್ತಿರ. ಇಟಲಿಯ ಸೆಮೊಲ ಎಂಬ ರವೆ ಡ್ಯೂರಮ್ ಎಂಬ ಗಟ್ಟಿ ಗೋಧಿಯದು. ಅದರಿಂದ ಉಪ್ಪಿಟ್ಟು ಆಗುತ್ತದೆ, ಆದರೆ ನೀರನ್ನು ಬೇರೆ ರೀತಿ ಹೀರುವುದರಿಂದ ಮೊದಲ ಸಲ ಸ್ವಲ್ಪವೇ ಮಾಡಿ ನೋಡುವುದು ಲೇಸು.

ಅವರು ಕಳುಹಿಸುವ ಪಾಕವಿಧಾನಗಳಲ್ಲೆಲ್ಲ ಓವನ್ನಿನ ಮಾತೇ ಇರುತ್ತದೆ. ಏನು ಮಾಡುವುದು?

ಫ್ಯಾರನ್‌ಹೀಟ್ 350 ಎಂದರೆ ಸುಮಾರು 180 ಸೆಲ್ಸಿಯಸ್, 400 ಎಂದರೆ ಸುಮಾರು 200. ಬ್ರಿಟನ್ನಿನ ಹಳೆಯ ಪುಸ್ತಕದ ‘ಗ್ಯಾಸ್ ಮಾರ್ಕ್ 4’ ಎಂದರೂ 180. ಬಿಸಿಗಾಳಿಯ ಫ್ಯಾನು ಇರುವ ಓವನ್ನಾದರೆ 20 ಡಿಗ್ರಿ ತಗ್ಗಿಸಬೇಕು. ಓವನ್ನೇ ಇಲ್ಲದ ಮನೆಯವರು ಸಂಕೋಚವಿಲ್ಲದೆ ‘ಒಲೆಯ ಮೇಲೆ ಮಾಡುವ ಅಡುಗೆಯನ್ನೇ ಕಳುಹಿಸಿ’ ಎಂದು ಕೇಳಬಹುದು. ಯಾವ ದೇಶದ ಅಡುಗೆಯಲ್ಲೂ ಅದಕ್ಕೆ ಕೊರತೆಯಿಲ್ಲ.

ದೋಸೆ ಹಿಟ್ಟು ಹುಳಿ ಬರುವುದೇ ಇಲ್ಲ ಎಂದು ಚಳಿದೇಶದವರು ಬರೆಯುತ್ತಾರೆ.

ಇದು ವಿದೇಶದಲ್ಲಿರುವ ಕನ್ನಡಿಗರ ಪ್ರಶ್ನೆಯೂ ಹೌದು. ನಮ್ಮ ‘ರಾತ್ರಿಯಿಡೀ ಇಡಿ’ ಎಂಬ ಮಾತು 25ರಿಂದ 30 ಡಿಗ್ರಿಯ ರಾತ್ರಿಗೆ ಬರೆದದ್ದು. 18 ಡಿಗ್ರಿಯ ಅಡುಗೆಮನೆಯಲ್ಲಿ ಒಂದೂವರೆ ದಿನವೂ ಆಗಬಹುದು. ಓವನ್ನನ್ನು ಹಚ್ಚದೆ ಒಳಗಿನ ದೀಪವನ್ನು ಮಾತ್ರ ಉರಿಸಿ ಪಾತ್ರೆಯನ್ನು ಅಲ್ಲಿಡುವುದು ಬಹಳ ಮಂದಿಗೆ ಕೈಗೂಡಿದ ಉಪಾಯ. ಗಂಟೆ ಹೇಳುವ ಬದಲು ‘ಒಂದೂವರೆ ಪಟ್ಟು ಉಬ್ಬಿ, ಒಳಗೆ ಗುಳ್ಳೆ ಕಂಡು, ಹಿತವಾದ ಹುಳಿ ವಾಸನೆ ಬರುವವರೆಗೆ’ ಎಂದು ಬರೆಯಿರಿ. ಇಥಿಯೋಪಿಯಾದವರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ. ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ದಿನಗಟ್ಟಲೆ ಹುಳಿಯಿಸಿ, ದೋಸೆಯಂತಹ ಇಂಜೆರಾ ಹುಯ್ಯುವವರು ಅವರು.

ನಾವು ಸಸ್ಯಾಹಾರಿಗಳು ಎಂದು ಹೇಳಿದ ಮೇಲೂ ಏನನ್ನು ಕೇಳಿ ತಿಳಿಯಬೇಕು?

ಕಣ್ಣಿಗೆ ಕಾಣದ್ದನ್ನು. ಜಪಾನಿನ ತರಕಾರಿ ಸೂಪಿಗೆ ಬಳಸುವ ದಾಶಿ ಎಂಬ ತಿಳಿರಸ ಹೆಚ್ಚಾಗಿ ಒಣಗಿಸಿದ ಮೀನಿನ ಚೂರಿನದು, ಕೊರಿಯಾದ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನಿನ ರಸ ಅಥವಾ ಉಪ್ಪು ಹಾಕಿದ ಸೀಗಡಿ ಇರುತ್ತದೆ, ಥಾಯ್ ಮಸಾಲೆಯಲ್ಲಿ ಸೀಗಡಿಯ ಗೊಜ್ಜು, ಇಟಲಿಯ ಪಾರ್ಮೆಜಾನ್ ಚೀಸಿನಲ್ಲಿ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಅವರು ಅದನ್ನು ಮುಚ್ಚಿಡುತ್ತಿಲ್ಲ, ಅವರಿಗೆ ಅದು ಉಪ್ಪಿನಷ್ಟೇ ಸಾಮಾನ್ಯ. ಮೊಟ್ಟೆ ನಡೆಯುತ್ತದೆಯೇ ಇಲ್ಲವೇ ಎಂಬುದನ್ನೂ ಪ್ರತ್ಯೇಕವಾಗಿ ಹೇಳಬೇಕು. ಹಾಗೆಯೇ ನಾವೂ ಅವರನ್ನು ಕೇಳಬೇಕು: ವೀಗನ್ ಆದವರಿಗೆ ತುಪ್ಪ, ಮೊಸರು ಸಲ್ಲವು, ಯಹೂದಿಗಳ ಕೋಷರ್ ಪದ್ಧತಿಯಲ್ಲಿ ಮಾಂಸ ಮತ್ತು ಹಾಲು ಒಂದೇ ಅಡುಗೆಯಲ್ಲಿ ಸೇರುವಂತಿಲ್ಲವಾದ್ದರಿಂದ ಮೊಸರಿನಲ್ಲಿ ನೆನೆಸಿದ ಕೋಳಿಯ ವಿಧಾನ ಅವರಿಗೆ ಪ್ರಯೋಜನವಿಲ್ಲ.

ಅಪಾಯವಾಗಬಹುದಾದ ಸಂಗತಿಗಳು ಯಾವುವು?

ಅಲರ್ಜಿ ಮೊದಲನೆಯದು. ಐರೋಪ್ಯ ಒಕ್ಕೂಟ ಕಡ್ಡಾಯವಾಗಿ ನಮೂದಿಸಬೇಕೆನ್ನುವ 14 ಅಲರ್ಜಿಕಾರಕಗಳ ಪಟ್ಟಿಯಲ್ಲಿ ಸಾಸಿವೆಯೂ ಎಳ್ಳೂ ಇವೆ. ಅಮೆರಿಕ ಎಳ್ಳನ್ನು ತನ್ನ ಪಟ್ಟಿಗೆ 2023ರಿಂದ ಸೇರಿಸಿಕೊಂಡಿದೆ. ಒಗ್ಗರಣೆಯ ಸಾಸಿವೆಯನ್ನು ನಾವು ಪದಾರ್ಥಗಳ ಪಟ್ಟಿಯಲ್ಲೇ ಬರೆಯದೆ ಬಿಡುವುದುಂಟು, ಹಾಗೆ ಮಾಡಬಾರದು. ಅಂಗಡಿಯ ಇಂಗಿನಲ್ಲಿ ಹಲವು ಬಾರಿ ಗೋಧಿಹಿಟ್ಟು ಬೆರೆತಿರುತ್ತದೆ. ಗೋಧಿಯ ಗ್ಲೂಟೆನ್ ಸೇರದವರಿಗೆ ‘ಅಕ್ಕಿಯದೇ ಅಡುಗೆ, ಧೈರ್ಯವಾಗಿ ತಿನ್ನಿ’ ಎನ್ನುವ ಮೊದಲು ಡಬ್ಬಿಯನ್ನು ತಿರುಗಿಸಿ ಓದಿ.

ಎರಡನೆಯದು, ನಮಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲದ ಎಚ್ಚರಿಕೆಗಳು. ಪತ್ರೊಡೆಯ ಕೆಸುವಿನೆಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿರುವುದರಿಂದ ಅದು ಹಸಿಯಾಗಿದ್ದರೆ ಗಂಟಲು ತುರಿಸುತ್ತದೆ. ಹುಣಸೆ ಹಾಕಿ ಚೆನ್ನಾಗಿ ಬೇಯಿಸಬೇಕೆಂಬುದು ನಮ್ಮ ಮನೆಗಳಲ್ಲಿ ಹೇಳದೆಯೇ ತಿಳಿದ ಮಾತು. ಫಿಲಿಪ್ಪೀನ್ಸಿನವರು ಅದೇ ಎಲೆಯನ್ನು ಕಾಯಿಹಾಲಿನಲ್ಲಿ ಬೇಯಿಸಿ ಲಾಯಿಂಗ್ ಮಾಡುತ್ತಾರಾದ್ದರಿಂದ ಅವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಬಿಡಿಸಿ ಹೇಳಬೇಕು. ರಾಜ್ಮಾ ಕಾಳನ್ನು ನೆನೆಸಿ, ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಕೊತಕೊತ ಕುದಿಸದಿದ್ದರೆ ಅದರಲ್ಲಿನ ಲೆಕ್ಟಿನ್ ಎಂಬ ವಿಷಾಂಶ ವಾಂತಿಭೇದಿ ತರುತ್ತದೆ. ಕುಕ್ಕರಿನಲ್ಲಿ ಬೇಯಿಸುವ ನಮಗೆ ಇದರ ಅರಿವೇ ಇಲ್ಲ, ಆದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ ಬಳಸುವವರಿಗೆ ತಿಳಿಸಲೇಬೇಕು. ಉಪ್ಪಿನಕಾಯಿಯ ವಿಧಾನದಲ್ಲಿ ಉಪ್ಪು, ಹುಳಿ ಕಡಿಮೆ ಮಾಡಬಹುದೇ ಎಂದು ಯಾರಾದರೂ ಕೇಳಿದರೆ, ಹಾಗಾದರೆ ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಿ ಎನ್ನಿ.

ಸಾರಿನಪುಡಿ, ತುಪ್ಪ, ಪೇಡೆಗಳನ್ನು ಅಂಚೆಯಲ್ಲಿ ಕಳುಹಿಸಬಹುದೇ?

ದೇಶದಿಂದ ದೇಶಕ್ಕೆ ನಿಯಮ ಬೇರೆ, ಆಯಾ ದೇಶದ ಸುಂಕದ ಇಲಾಖೆಯ ಪಟ್ಟಿಯನ್ನು ನೋಡಿಯೇ ಕಟ್ಟಬೇಕು. ಐರೋಪ್ಯ ಒಕ್ಕೂಟದೊಳಗೆ ಹೊರಗಿನಿಂದ ಹಾಲು ಮತ್ತು ಮಾಂಸದ ತಿನಿಸನ್ನು ಖಾಸಗಿಯಾಗಿ ಕಳುಹಿಸುವಂತಿಲ್ಲ. ಆಸ್ಟ್ರೇಲಿಯಾ ಬೀಜ, ಕಾಳುಗಳ ವಿಷಯದಲ್ಲಿ ಬಹಳ ಬಿಗಿ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಗಸಗಸೆಯದು: ಸಿಂಗಪುರ, ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾಗಳಲ್ಲಿ ಅದು ನಿಷಿದ್ಧ ವಸ್ತು, ಮಾದಕ ಪದಾರ್ಥದ ಕಾನೂನಿನ ಕೆಳಗೆ ಬರುತ್ತದೆ. ಪಾಯಸಕ್ಕೆಂದು ಒಂದು ಹಿಡಿ ಗಸಗಸೆಯನ್ನು ಪೊಟ್ಟಣದಲ್ಲಿ ಸೇರಿಸಿದರೆ ಸಂಕಟಕ್ಕೆ ಸಿಕ್ಕುವುದು ಅದನ್ನು ಬಿಡಿಸಿಕೊಳ್ಳಲು ಹೋದವರು. ಪುಡಿ ಕಳುಹಿಸುವ ಬದಲು ಪುಡಿಯ ವಿಧಾನ ಕಳುಹಿಸುವುದು ಸುರಕ್ಷಿತ.

ಅವರಿಂದ ಪಡೆದ ಪಾಕವಿಧಾನವನ್ನು ನಾನು ಕನ್ನಡದಲ್ಲಿ ಪ್ರಕಟಿಸಬಹುದೇ?

ಪದಾರ್ಥಗಳ ಪಟ್ಟಿಗೆ ಸಾಮಾನ್ಯವಾಗಿ ಕೃತಿಸ್ವಾಮ್ಯವಿಲ್ಲ. ಅದನ್ನು ವಿವರಿಸಿ ಬರೆದ ಮಾತುಗಳಿಗೆ, ತೆಗೆದ ಚಿತ್ರಗಳಿಗೆ ಇದೆ. ಆದರೆ ಕಾನೂನಿಗಿಂತ ಮೊದಲು ಮರ್ಯಾದೆಯ ಪ್ರಶ್ನೆ. ಕೇಳಿ ಒಪ್ಪಿಗೆ ಪಡೆಯಿರಿ, ಅವರ ಊರಿನ ಹೆಸರನ್ನೂ ಅಡುಗೆಯ ಮೂಲ ಹೆಸರನ್ನೂ ಉಳಿಸಿ, ನೀವು ಬದಲಿಸಿದ್ದನ್ನು ಬದಲಿಸಿದ್ದೇನೆಂದು ಬರೆಯಿರಿ.

ನಮ್ಮ ಅಡುಗೆಯನ್ನು ಅವರು ಬದಲಾಯಿಸಿಬಿಟ್ಟರೆ ಬೇಸರವಾಗುವುದಿಲ್ಲವೇ?

ಆಗುತ್ತದೆ. ಮೊಸರನ್ನಕ್ಕೆ ಸಕ್ಕರೆ ಹಾಕಿ ತಣ್ಣನೆಯ ಸಿಹಿ ಮಾಡಿಕೊಂಡೆವೆಂದು ಬರೆದವರಿಗೆ ನಾನು ಎರಡು ದಿನ ಉತ್ತರ ಬರೆಯಲಿಲ್ಲ. ಆಮೇಲೆ ನಮ್ಮ ಸಾರಿನ ಪಾತ್ರೆಯೊಳಗೆ ಇಣುಕಿದೆ. ಮೆಣಸಿನಕಾಯಿ, ಟೊಮೇಟೊ ಎರಡೂ ಅಮೆರಿಕ ಖಂಡದಿಂದ ಹೊರಟು ಕಡಲು ದಾಟಿ ಬಂದವು. ಮೆಣಸಿನಕಾಯಿಯನ್ನು ತಂದವರು ಪೋರ್ಚುಗೀಸರು. ಅದಕ್ಕೆ ಮೊದಲು ನಮ್ಮ ಖಾರವೆಲ್ಲ ಕಾಳುಮೆಣಸಿನದು, ಹೊಸದಾಗಿ ಬಂದದ್ದನ್ನು ‘ಮೆಣಸಿನ ಕಾಯಿ’ ಎಂದು ಹಳೆಯ ಹೆಸರಿಗೇ ಕಟ್ಟಿ ಒಳಗೆ ಕರೆದುಕೊಂಡೆವು. ಪತ್ರಕ್ಕೆ ಉತ್ತರ ಬರೆದೆ. ಆದರೂ ಆ ಸಿಹಿಗೆ ಬೇರೆ ಹೆಸರಿಡಿ ಎಂದು ಕೇಳಿಕೊಂಡೆ. ಹೆಸರಿನ ವಿಷಯದಲ್ಲಿ ಅಷ್ಟು ಹಟ ನ್ಯಾಯವೆಂದೇ ಈಗಲೂ ನನ್ನ ಅಭಿಪ್ರಾಯ.

ಅಮ್ಮ, ಅಜ್ಜಿ ಅಳೆಯದೆ ಮಾಡುತ್ತಾರೆ. ಅವರ ಅಡುಗೆಯನ್ನು ಬರೆದುಕೊಳ್ಳುವುದು ಹೇಗೆ?

ಕೇಳಬೇಡಿ, ನೋಡಿ. ‘ಎಷ್ಟು ಹಾಕುತ್ತೀರಿ’ ಎಂದು ಕೇಳಿದರೆ ಅವರು ತಮಗೆ ತೋಚಿದ ಅಂಕಿಯನ್ನು ಹೇಳುತ್ತಾರೆ, ಕೈ ಬೇರೆಯದನ್ನೇ ಹಾಕುತ್ತದೆ. ಅಡುಗೆಗೆ ಮೊದಲು ಉಪ್ಪಿನ ಡಬ್ಬಿ, ಸಾರಿನಪುಡಿಯ ಡಬ್ಬಿ, ಎಣ್ಣೆಯ ಗಿಂಡಿ, ಬೆಲ್ಲದ ಪಾತ್ರೆಗಳನ್ನೆಲ್ಲ ತೂಗಿ ಬರೆದಿಡಿ; ಮುಗಿದ ಮೇಲೆ ಮತ್ತೆ ತೂಗಿ ಕಳೆಯಿರಿ. ಗಡಿಯಾರವನ್ನು ನೀವು ನೋಡಿಕೊಳ್ಳಿ, ಅವರನ್ನು ಅವರ ಪಾಡಿಗೆ ಬಿಡಿ. ಅವರು ಮುಚ್ಚಳ ತೆಗೆದು ಮೂಸಿದಾಗ, ಸೌಟಿನ ಹಿಂಬದಿಯನ್ನು ನೋಡಿದಾಗ, ಉರಿ ತಗ್ಗಿಸಿದಾಗ ಮಾತ್ರ ‘ಈಗ ಏನು ಕಂಡಿತು?’ ಎಂದು ಕೇಳಿ, ಬಂದ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಒಂದೇ ಅಡುಗೆಯನ್ನು ಮೂರು ಬೇರೆ ಬೇರೆ ದಿನ ಹೀಗೆ ಬರೆದು ಹೋಲಿಸಿದರೆ ಅಂಕಿಗಳು ಬದಲಾಗುತ್ತಿರುವುದು ಎಲ್ಲಿ, ಬದಲಾಗದಿರುವುದು ಎಲ್ಲಿ ಎಂಬುದು ತಿಳಿಯುತ್ತದೆ. ನಮ್ಮ ಮನೆಯಲ್ಲಿ ಮೂರು ದಿನವೂ ಒಂದೇ ಆಗಿ ಬಂದದ್ದು ಬೆಲ್ಲದ ತೂಕ, 12 ಗ್ರಾಂ. ಹಾಕಿದವರಿಗೆ ತಕ್ಕಡಿ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ.